ಶಮೀಮ್ ಟೀಚರ್ ಹೆಸರಿಗೆ ಬಂದ ಕಾಗದಗಳು

ನಮ್ಮ ಮನೆಯ ಮೆಟ್ಟಿಲ ಪಕ್ಕದ ಕಿಟಕಿಯ ಸರಳುಗಳಿಗೆ ಅಂಚೆಯವರು ಕಾಗದ ಸಿಕ್ಕಿಸಿ ಹೋಗುತ್ತಾರೆ. ದೊಡ್ಡಬಳ್ಳಾಪುರದ ನೇಕಾರರ ಬೀದಿ ನಮ್ಮದು. ಕೆಳಗೆ ಮನೆಯೊಡತಿ ನಾಗರತ್ನಮ್ಮನವರ ಮಗ್ಗ, ಮೇಲೆ ನಮ್ಮ ಬಾಡಿಗೆ ಮನೆ. ಮಗ್ಗದ ಸದ್ದಿಗೆ ಗೋಡೆ ಸಣ್ಣಗೆ ಅದುರಿದಾಗ ಆ ಕಾಗದಗಳೂ ಪಟಪಟನೆ ಅದುರುತ್ತವೆ. ಹೊಸದರಲ್ಲಿ ನಾನು ಆಸೆಯಿಂದ ಕೈಚಾಚುತ್ತಿದ್ದೆ. ನಿಮಗೂ ಗೊತ್ತಲ್ಲ, ಎಲ್ಲವೂ ಫೋನಿನಲ್ಲೇ ಮುಗಿದುಹೋಗುವ ಈ ಕಾಲದಲ್ಲಿ ಕಾಗದವೊಂದು ಬಂತೆಂದರೆ ಯಾರೋ ನೆಂಟರು ಬಾಗಿಲು ತಟ್ಟಿದಷ್ಟು ಹಿಗ್ಗು. ಆದರೆ ಬಂದದ್ದೆಲ್ಲ ಒಂದೇ ಹೆಸರಿಗೆ: ಶ್ರೀಮತಿ ಶಮೀಮ್ ಬಾನು, ಸಹಶಿಕ್ಷಕಿ. ಶಿಕ್ಷಣ ಇಲಾಖೆಯದೊಂದು, ಚುನಾವಣಾ ಶಾಖೆಯದೊಂದು, ವಿಮೆಯವರದೊಂದು. ವಿಳಾಸವೇನೋ ನಮ್ಮದೇ, ಅದರ ವಿಲಾಸವೆಲ್ಲ ಅವರದು!

ಬಾಡಿಗೆ ಮನೆಯ ಬದುಕೇ ಹಾಗೆ. ಹಾಸಿಗೆ, ಪಾತ್ರೆ, ತುಳಸಿಯ ಕುಂಡ ಎಲ್ಲವನ್ನೂ ಟೆಂಪೋ ಒಂದೇ ಬಾರಿಗೆ ಹೊತ್ತೊಯ್ಯುತ್ತದೆ. ಹೆಸರು ಮಾತ್ರ ಹಳೆಯ ಹೊಸ್ತಿಲಲ್ಲೇ ಕಾಲು ಚಾಚಿ ಕೂತು, ನಿಧಾನವಾಗಿ ಹಿಂದಿನಿಂದ ನಡೆದುಬರುತ್ತದೆ. ಒಡೆಯದ ಆ ಲಕೋಟೆಗಳನ್ನು ನಾನು ಸೀರೆಯ ಖಾಲಿ ಡಬ್ಬವೊಂದರಲ್ಲಿ ಜೋಡಿಸಿಡುತ್ತಿದ್ದೆ. ಕಂಡರಿಯದ ಆ ಟೀಚರ್ ಕ್ರಮೇಣ ನಮ್ಮ ಮನೆಯ ಒಬ್ಬ ಸದಸ್ಯೆಯೇ ಆಗಿಬಿಟ್ಟರು. ಅಡುಗೆಮನೆಯಲ್ಲಿ ನನ್ನ ಎತ್ತರಕ್ಕೆ ನಿಲುಕದ ಮೊಳೆಯೊಂದನ್ನು ಕಂಡು, ‘ಓ, ಶಮೀಮ್ ಟೀಚರ್ ಎತ್ತರದವರು’ ಎಂದು ನನ್ನಷ್ಟಕ್ಕೆ ತೀರ್ಮಾನಿಸಿದ್ದೆ.

ನಾಗರತ್ನಮ್ಮನವರನ್ನು ವಿಚಾರಿಸಿದರೆ, "ಬಂಗಾರದಂಥೋರು ಕಣಮ್ಮ. ಆವತಿ ಕಡೆ ಸ್ಕೂಲಿಗೆ ವರ್ಗ ಆಗಿ ಅಲ್ಲೇ ಮನೆ ಮಾಡ್ಕೊಂಡ್ರು. ನಂಬರಿತ್ತು, ನನ್ನ ಮೊಬೈಲು ನೀರಿನ ತೊಟ್ಟೀಲಿ ಬಿದ್ದು ಎಲ್ಲಾ ಹೋಯ್ತು" ಎಂದರು. ರಜೆಯಲ್ಲಿ ಒಮ್ಮೆ ಹೋಗಿ ಕೊಟ್ಟು ಬಂದರಾಯಿತು ಎಂದುಕೊಂಡಿದ್ದೆ.

ಅಷ್ಟರಲ್ಲಿ ಒಂದು ಬೆಳಿಗ್ಗೆ ಅಂಚೆಯ ಗೋವಿಂದಪ್ಪನವರು ಕಿಟಕಿಗೆ ಸಿಕ್ಕಿಸದೆ, ಮೆಟ್ಟಿಲು ಹತ್ತಿ ಬಂದು ಕರೆದರು.

"ಅಕ್ಕ, ಇದು ಆರ್‌ಟಿಒದಿಂದ ಬಂದಿರೋದು. ಡ್ರೈವಿಂಗ್ ಲೈಸೆನ್ಸ್ ಇರ್ಬೇಕು. ಸಹಿ ಹಾಕಿಸ್ಕೊಂಡು ಅವ್ರ ಕೈಗೇ ಕೊಡ್ಬೇಕು."

"ಅವರು ಇಲ್ಲಿಲ್ಲವಲ್ಲ."

"ಹಂಗಾದ್ರೆ ವಾಪಸ್ ಹೋಗ್ತದೆ. ಎರಡು ಮೂರು ದಿನ ಆಫೀಸಲ್ಲಿ ಇಟ್ಕೊಂಡಿರ್ತೀನಿ, ಅಷ್ಟರೊಳಗೆ ಅವ್ರೇ ಗುರ್ತಿನ ಚೀಟಿ ತಗೊಂಡು ಬಂದ್ರೆ ಆಯ್ತು. ವಾಪಸ್ ಹೋದ್ರೆ ಪಾಪ, ಅವ್ರು ಅಲೀಬೇಕು."

ಉಳಿದ ಕಾಗದಗಳು ಕಾಯುವ ಜಾತಿಯವು; ಇದು ಹಾಗಲ್ಲ. ನನ್ನ ಗಂಡ ಸೋಂಪುರದ ಕಾರ್ಖಾನೆಗೆ ಹೊರಟ ಮೇಲೆ ಸೀರೆ ಡಬ್ಬವನ್ನು ಸ್ಕೂಟರಿನಲ್ಲಿಟ್ಟುಕೊಂಡು ದೇವನಹಳ್ಳಿಯ ಮೇಲೆ ಆವತಿಯ ದಾರಿ ಹಿಡಿದೆ. ಊರಿನಲ್ಲಿ ಒಬ್ಬಿಬ್ಬರನ್ನು ಕೇಳುವಷ್ಟರಲ್ಲಿ ಶಾಲೆ ಸಿಕ್ಕಿತು. ಹೊಂಗೆಮರದ ಕೆಳಗೆ ಮಕ್ಕಳಿಗೆ ಮಗ್ಗಿ ಹೇಳಿಸುತ್ತಿದ್ದ ಟೀಚರ್ ಎದ್ದು ಬಂದರು. ನನ್ನ ಭುಜದಷ್ಟೂ ಎತ್ತರವಿಲ್ಲ! ಬೂದು ಬಣ್ಣದ ಸೀರೆ, ತಲೆಯ ಮೇಲೆ ಸೆರಗು, ನಿವೃತ್ತಿಗೆ ಹತ್ತಿರವಾದ ವಯಸ್ಸು. ಡಬ್ಬ ನೋಡಿ ನಕ್ಕರು. ಲೈಸೆನ್ಸ್ ಎಂದ ಕೂಡಲೇ ನಗು ನಿಂತಿತು.

"ಬಂತಾ? ಎರಡು ಸಲ ಫೇಲಾಗಿ ಪಾಸಾದೆ ಮೇಡಂ. ಅರ್ಜಿ ಹಾಕಿದಾಗ ಆ ಮನೇಲಿದ್ವಿ, ವಿಳಾಸ ಬದಲಾಯಿಸೋಕೆ ಆಗಿರ್ಲಿಲ್ಲ. ಬರ್ಲೇ ಇಲ್ವಲ್ಲ, ನನ್ನ ಹಣೇಲಿ ಬರ್ದಿಲ್ಲ ಅನ್ಕೊಂಡ್ಬಿಟ್ಟಿದ್ದೆ."

ಈ ವಯಸ್ಸಿನಲ್ಲಿ ಇಷ್ಟೊಂದು ಆಸೆ ಏಕೆಂದು ನಾನು ಕೇಳಲಿಲ್ಲ. ಮಧ್ಯಾಹ್ನ ಅರ್ಧ ದಿನದ ರಜೆ ಹಾಕಿ, ನನ್ನ ಸ್ಕೂಟರಿನ ಹಿಂದೆ ಕೂತು ಬರುವಾಗ ಅವರೇ ಹೇಳಿದರು. ಪತಿ ರಶೀದ್ ಸಾಹೇಬರು ದೇವನಹಳ್ಳಿಯಿಂದ ಸೂಲಿಬೆಲೆಯ ಮೇಲೆ ನಂದಗುಡಿಗೆ ಹೋಗುವ ಖಾಸಗಿ ಬಸ್ಸಿನ ಚಾಲಕರಾಗಿದ್ದವರು. ಸಕ್ಕರೆ ಕಾಯಿಲೆ ಅವರ ಕಣ್ಣುಗಳನ್ನು ಮೆಲ್ಲಮೆಲ್ಲನೆ ಮಂಕಾಗಿಸಿತು. ಈಗ ಬೆಳಕು ಕಂಡೀತು, ಮುಖ ಕಾಣದು. ಮಗಳು ನಂದಗುಡಿಯಲ್ಲಿ ಹೊಸ ಮನೆ ಕಟ್ಟಿ ಎಷ್ಟು ಕರೆದರೂ ಅವರು ಹೋಗಿಲ್ಲ. 'ನಾನು ಓಡಿಸಿದ ರೂಟಲ್ಲಿ ಯಾರದೋ ಕೈ ಹಿಡ್ಕೊಂಡು ಬಸ್ ಹತ್ಲಾ?' ಎನ್ನುತ್ತಾರಂತೆ. ಮನೆಯ ಮುಂದೆ ಬಟ್ಟೆ ಹೊದ್ದು ನಿಂತಿದ್ದ ಹಳೆಯ ಕಾರನ್ನು ಮಾರಲೂ ಒಪ್ಪಲಿಲ್ಲ. ಕೊನೆಗೆ ಟೀಚರ್ ತಾವೇ ಸ್ಟೀರಿಂಗ್ ಹಿಡಿದರು. ಕೆರೆಯಂಗಳದ ಬಯಲಿನಲ್ಲಿ ಸಾಹೇಬರು ಪಕ್ಕದಲ್ಲಿ ಕೂತು, ಇಂಜಿನ್ನಿನ ಸದ್ದು ಕೇಳಿಯೇ ಪಾಠ ಹೇಳಿದರು. ಬದುಕಿಡೀ ಇನ್ನೊಬ್ಬರ ಮಕ್ಕಳಿಗೆ ಕಲಿಸಿದ ಹೆಂಗಸು ಐವತ್ತು ದಾಟಿದ ಮೇಲೆ ಗಂಡನ ಶಿಷ್ಯೆಯಾಗಿ ಬೈಸಿಕೊಂಡದ್ದನ್ನು ಹೇಳುವಾಗ ಅವರ ದನಿಯಲ್ಲಿದ್ದದ್ದು ದೂರಲ್ಲ, ಹೆಮ್ಮೆ. ಪ್ರೀತಿಗೂ ಒಂದು ಪರವಾನಗಿ ಬೇಕಾಗುತ್ತದೆಯೇನೋ. ಅದನ್ನು ಕೊಡುವ ಕಚೇರಿ ಯಾವುದೆಂದು ಮಾತ್ರ ನನಗೆ ಈವರೆಗೂ ತಿಳಿದಿಲ್ಲ.

ಅಂಚೆ ಕಚೇರಿಯಲ್ಲಿ ಗೋವಿಂದಪ್ಪನವರು ಲಕೋಟೆ ಕೊಟ್ಟಾಗ ಟೀಚರ್ ಅದನ್ನು ಅಲ್ಲೇ ಒಡೆದರು. ಫೋಟೋ ನೋಡಿ, "ಅಯ್ಯೋ, ಯಾರಿಗೋ ಹೊಡೆಯೋಕೆ ಹೊರಟಂಗಿದೀನಿ!" ಎಂದು ಬಾಯಿಗೆ ಸೆರಗು ಹಿಡಿದು ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು.

"ಭಾನುವಾರ ಮಗಳ ಮನೆಗೆ ಹೊರಡ್ತೀವಿ, ನೀವೂ ನಮ್ಮ ಜೊತೆ ಬರ್ಬೇಕು. ನಂಗೆ ಧೈರ್ಯಕ್ಕೆ," ಎಂದರು. ನನಗೆ ಕಾರಿನ ಗಂಧಗಾಳಿಯೂ ಇಲ್ಲ. ನನ್ನಿಂದ ಅವರಿಗೆಂಥ ಧೈರ್ಯ? ಆದರೂ ಹೋದೆ.

ಹಿಂದಿನ ಸೀಟಿನಲ್ಲಿ ಶ್ಯಾವಿಗೆ ಪಾಯಸದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ನಾನು ಕೂತೆ. ಇಸ್ತ್ರಿ ಮಾಡಿದ ಬಿಳಿಯ ಅಂಗಿ ತೊಟ್ಟ ಸಾಹೇಬರು ಮುಂದೆ ಕೂತು, ಎರಡೂ ಅಂಗೈಗಳನ್ನು ಮಂಡಿಯ ಮೇಲೆ ಊರಿಕೊಂಡರು. ಊರು ದಾಟುವ ಮೊದಲೇ ಪಾಠ ಶುರುವಾಯಿತು.

"ಗೇರ್ ಇಳ್ಸು, ಗಾಡಿ ಒದ್ದಾಡ್ತಿದೆ, ಕೇಳಿಸ್ತಿಲ್ವಾ?"

"ಕೇಳಿಸ್ತು ರೀ."

"ಕ್ಲಚ್ ಮೇಲಿಂದ ಕಾಲು ತೆಗಿ. ಮುಂದೆ ಹಂಪ್ ಇದೆ, ನಿಧಾನ."

"ಕಾಣಿಸ್ತಿದೆ ರೀ."

ಒಂದೆಡೆ ಕಾರು ನಿಂತೇಹೋಯಿತು. ಹಿಂದಿನ ಲಾರಿಯವನು ಬಯ್ದ. ಟೀಚರ್ ಮತ್ತೆ ಕೀಲಿ ತಿರುಗಿಸಿದರು. ಸಾಹೇಬರು ಕತ್ತು ಹೊರಹಾಕಿ, "ಇರಪ್ಪಾ, ಹೊಸ ಡ್ರೈವರ್ರು!" ಎಂದು ಕೂಗಿದ್ದನ್ನು ನೀವು ಕೇಳಬೇಕಿತ್ತು, ಹೊಸದಾಗಿ ಹುಟ್ಟಿದ ಮಗುವನ್ನು ಊರಿಗೆ ಸಾರುವ ದನಿ ಅದು.

ಸೂಲಿಬೆಲೆ ದಾಟಿದ ಮೇಲೆ ದಾರಿ ಬಿಡುವಾಯಿತು. ಎರಡೂ ಕಡೆ ರಾಗಿ ಹೊಲ, ಗಾಜಿನೊಳಗೆ ಎಳೆಬಿಸಿಲು. ಸ್ವಲ್ಪ ಹೊತ್ತಿಗೆ ಏನೋ ಕೊರತೆಯೆನಿಸಿತು. ಪಾಠ ನಿಂತುಹೋಗಿತ್ತು. ಟೀಚರ್ ಗಾಬರಿಯಿಂದ ವೇಗ ತಗ್ಗಿಸಿ ಪಕ್ಕಕ್ಕೆ ನೋಡಿದರು. ನಾನೂ ಮುಂದೆ ಬಗ್ಗಿದೆ. ಸಾಹೇಬರ ತಲೆ ಕಿಟಕಿಗೆ ಒರಗಿತ್ತು, ಬಾಯಿ ಕೊಂಚ ತೆರೆದಿತ್ತು. ಸಣ್ಣಗೆ ಗೊರಕೆ.

"ಮದ್ವೆ ಆದಾಗಿಂದ ನೋಡಿದೀನಿ ಮೇಡಂ," ಟೀಚರ್ ಪಿಸುಗುಟ್ಟಿದರು, "ಬೇರೆಯೋರು ಓಡ್ಸೋ ಗಾಡೀಲಿ ಇವ್ರು ಒಂದ್ಸಲಾನೂ ಕಣ್ಣು ಮುಚ್ಚಿದೋರಲ್ಲ."

ಎದುರಿನಿಂದ ಹಾಲಿನ ವ್ಯಾನೊಂದು ಬರುತ್ತಿತ್ತು. ಟೀಚರ್ ಹಾರನ್ ಮೇಲಿಟ್ಟ ಕೈ ಹಿಂದಕ್ಕೆ ತೆಗೆದುಕೊಂಡರು. ಕಾರನ್ನು ಮೆಲ್ಲಗೆ ಮಣ್ಣಿನ ಅಂಚಿಗೆ ಇಳಿಸಿ, ಅದು ಹೋಗುವ ತನಕ ಸದ್ದಿಲ್ಲದೆ ಕಾದರು.