ಹಾರ ಹಾಕಿದ ಹುಟ್ಟುಹಬ್ಬ

ಬೆಳಿಗ್ಗೆ ರೊಟ್ಟಿಯ ಹೆಂಚು ಕಾಯುವ ಮೊದಲೇ ಸಂಗವ್ವ ಕರಿಹಲಗೆ ಒರೆಸಿ ಬರೆಯುತ್ತಾರೆ. ಮೇಲೆ ಅಂದಿನ ಪಲ್ಯ. ಕೆಳಗೆ ಅಂದು ಹುಟ್ಟಿದ ನಟನ ಅಥವಾ ಗಾಯಕಿಯ ಹೆಸರು, ವಯಸ್ಸು, ಅವರು ಹೆಸರು ಮಾಡಿದ ವರ್ಷ ರೇಡಿಯೋದಲ್ಲಿ ಮೊದಲ ಸ್ಥಾನಕ್ಕೆ ಬಂದ ಹಾಡು. ಕೊಡಿಗೇಹಳ್ಳಿಯಲ್ಲಿ ಖಾನಾವಳಿ ಶುರುಮಾಡಿ ಇಪ್ಪತ್ತೆರಡು ವರ್ಷವಾಯಿತು; ಜ್ವರ ಬಂದ ದಿನವೂ ಇದನ್ನು ತಪ್ಪಿಸಿಲ್ಲ. ಪುಸ್ತಕ, ಫೋನು ಯಾವುದನ್ನೂ ನೋಡುವುದಿಲ್ಲ.

ಹಾಡುಗಳಿಂದಲೇ ಅವರು ವರ್ಷಗಳನ್ನು ನೆನಪಿಡುವುದು. ಗಂಡ ತೀರಿಕೊಂಡ ವರ್ಷ ಮೊದಲ ಸ್ಥಾನ ಗೆದ್ದದ್ದು ಒಂದು ಕುಣಿತದ ಹಾಡು. ಮೂರು ತಿಂಗಳು ಬಸ್ಸಿನಲ್ಲಿ, ಆಟೋದಲ್ಲಿ ಅದನ್ನೇ ಕೇಳಬೇಕಾಯಿತಂತೆ.

ಹಲಗೆಯ ಪಕ್ಕ ಪತ್ರಿಕೆಯಿಂದ ಕತ್ತರಿಸಿದ ಚಿತ್ರ ಇಡುತ್ತಾರೆ. ಬದುಕಿರುವವರ ಮುಂದೆ ಬಿಡಿ ಹೂ, ತೀರಿಕೊಂಡವರಿಗೆ ಹಾರ, ಊದಿನಕಡ್ಡಿ. ನಾನು ಮಹಡಿಯ ಮೇಲಿನ ಮನೆಯವಳು. ದೇವರಿಗೆ ಹೂ ಕಟ್ಟುವಾಗ ಅವರಿಗೂ ಕಟ್ಟಿಕೊಡುತ್ತೇನೆ.

ಈಚೆಗೆ ಬರೆಯುವಾಗ ಅವರ ಕೈ ತಡೆಯುತ್ತಿತ್ತು. ಒಂದು ಸಂಜೆ ಕಾರಣ ಹೇಳಿದರು. ನರಗುಂದದಲ್ಲಿದ್ದ ಅವರ ಅವ್ವನಿಗೆ ಅರವತ್ತಕ್ಕೆ ಮರೆವು ಶುರುವಾಗಿತ್ತು. ಕೊನೆಗೆ ಮಗಳ ಗುರುತೂ ಉಳಿಯಲಿಲ್ಲ. ಸಂಗವ್ವನಿಗೆ ಈಗ ಐವತ್ತೊಂಬತ್ತು. ಹಲಗೆ ಸರಿಯಾಗಿ ತುಂಬಿದರೆ ಆ ದಿನಕ್ಕೆ ಭಯ ಇಳಿಯುತ್ತದೆ, ಅಷ್ಟೇ. ನಾನು ಕೇಳಿಸಿಕೊಂಡೆ. ರಾತ್ರಿ ದೀಪದ ಮುಂದೆ ಅವರ ಹೆಸರನ್ನೂ ಸೇರಿಸಿ ಕೈಮುಗಿದೆ.

ಹೋದ ತಿಂಗಳು ಒಂದು ಬೆಳಿಗ್ಗೆ ಹಾರ ಕೇಳಿದರು. ಯಾರಿಗೆಂದು ವಿಚಾರಿಸದೆ ಕಟ್ಟಿಕೊಟ್ಟೆ.

ಒಂಬತ್ತರ ಹೊತ್ತಿಗೆ ಕೆಳಗೆ ಗಲಾಟೆ ಕೇಳಿ ಇಳಿದು ಬಂದೆ. ಅಭಿಮಾನಿ ಸಂಘದ ಮಹೇಂದ್ರ ನಾಲ್ಕು ಜನ ಹುಡುಗರೊಂದಿಗೆ ನಿಂತಿದ್ದ. ಅವರ ನಟನ ಹುಟ್ಟುಹಬ್ಬಕ್ಕೆ ವೃತ್ತದಲ್ಲಿ ಲಾಡು ಹಂಚಿ ಬರುತ್ತಿದ್ದವರಿಗೆ ಇಲ್ಲಿ ಅದೇ ನಟನ ಚಿತ್ರಕ್ಕೆ ಚೆಂಡುಹೂವಿನ ಹಾರ, ಮುಂದೆ ಊದಿನಕಡ್ಡಿಯ ಹೊಗೆ ಕಂಡಿತ್ತು.

"ಏನಮ್ಮಾ, ನಮ್ಮಣ್ಣನ್ನ ಇಷ್ಟು ಬೇಗ ಕಳಿಸ್ಬಿಟ್ರಾ?"

"ಹಂಗಾದ್ರೆ ಇವತ್ತು ತಿಥಿ ಊಟಾನಾ?" ಎಂದ ಒಳಗೆ ಕೂತಿದ್ದ ಗಿರಾಕಿಯೊಬ್ಬ. ಯಾರೂ ನಗಲಿಲ್ಲ.

ಸಂಗವ್ವ ಮಹೇಂದ್ರನಿಗೆ ತಿಳಿಹೇಳುವಂತೆ ಮೆಲ್ಲಗೆ ಅಂದರು: "ಅವ್ರು ಹ್ವಾದ್ರಲ್ಲಪಾ, ಹೋದ ಮಳಿಗಾಲದಾಗ. ರೇಡಿಯೋದಾಗ ದಿನಪೂರ್ತಿ ಅವರ ಹಾಡ ಹಾಕಿದ್ರು."

ಮಹೇಂದ್ರ ಫೋನ್ ಹಿಡಿದು ತೋರಿಸಿದ. ಅಂದು ಬೆಳಿಗ್ಗೆಯದೇ ವಿಡಿಯೋ. ಮನೆಯ ಮುಂದೆ ನಿಂತು ಆ ನಟ ಕೈಬೀಸುತ್ತಿದ್ದರು. ಸಂಗವ್ವ ಅದನ್ನು ಎರಡು ಸಲ ನೋಡಿದರು. ಆಮೇಲೆ ಒಳಗೆ ಹೋಗಿ ಹಿಟ್ಟಿನ ಡಬ್ಬದ ಪಕ್ಕ ಕೂತುಬಿಟ್ಟರು. ಹೆಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು, ನಾನೇ ತೆಗೆದೆ.

"ಅಕ್ಕಾರ, ಅವತ್ತ ನಾವಿಬ್ರೂ ಇಲ್ಲೇ ಕುಂತು ಅತ್ತಿದ್ವಲ್ರೀ?"

ಅತ್ತಿರಲಿಲ್ಲ. ಹೌದು ಅಂದುಬಿಡಲು ಮನಸ್ಸು ಬಂತು, ನಾಲಿಗೆ ಏಳಲಿಲ್ಲ. ಇಲ್ಲವೆಂದು ತಲೆ ಅಲ್ಲಾಡಿಸಿದೆ. ನನ್ನ ಕೈ ಹಿಡಿದುಕೊಂಡರು.

"ಮರತಿದ್ರ ನಡೀತಿತ್ತು. ಆಗದ್ದು ನೆನಪೈತಿ ನನಗ. ಇನ್ನ ಯಾವ್ಯಾವ್ದು ಹಿಂಗ ಐತೋ."

ನನಗೂ ಹೆದರಿಕೆಯಾಯಿತು. ಗಂಡನ ಸಾವು, ಆ ಕುಣಿತದ ಹಾಡು, ಅವರು ನನಗೆ ಹೇಳಿದ ಎಷ್ಟೋ ಮಾತುಗಳನ್ನು ಅವರು ಈಗ ಒಂದೊಂದಾಗಿ ತಿರುವಿ ನೋಡುತ್ತಿದ್ದಾರೆ ಅನ್ನಿಸಿತು.

ಮಹೇಂದ್ರ ಅಡುಗೆಮನೆಯ ಬಾಗಿಲಿಗೆ ಬಂದಿದ್ದ. ಈ ಮಾತು ಅವನ ಕಿವಿಗೂ ಬಿದ್ದಿರಬೇಕು. ಹಾರವನ್ನು ತಾನೇ ತೆಗೆದಿದ್ದ, ಹುಡುಗರನ್ನು ಕಳಿಸಿದ್ದ. ಸಂಘದಲ್ಲಿ ಎಲ್ಲ ನಟರ ಹುಟ್ಟುಹಬ್ಬದ ಪಟ್ಟಿ ಇದೆಯೆಂದೂ ಹಾಡುಗಳನ್ನೂ ಹುಡುಕಿಸಿ ಸೇರಿಸುತ್ತೇನೆಂದೂ ಹೇಳಿದ.

"ದಿನಾ ಬೆಳಿಗ್ಗೆ ವಾಟ್ಸಾಪ್ ಮಾಡ್ತೀನಮ್ಮಾ. ನೋಡ್ಕೊಂಡು ಬರೀರಿ ಸಾಕು, ಒಂದೂ ತಪ್ಪಾಗಲ್ಲ."

ಸಂಗವ್ವ ಸೆರಗಿನಿಂದ ಮುಖ ಒರೆಸಿಕೊಂಡರು.

"ಬ್ಯಾಡಪಾ. ನೀ ಕಳಿಸಿದ್ದು ನೋಡಿ ಬರದ್ರ ದಿನಾ ಸರಿನ ಇರ್ತೈತಿ. ನನ್ನ ತಲ್ಯಾಗ ಎಷ್ಟ ಉಳದೈತಿ ಅಂತ ನನಗ ಹೆಂಗ ಗೊತ್ತಾಗಬೇಕು?"