ಬಾಗಿಲಿಂದಲೇ ವಾಪಸ್

ವಿಶ್ವವಿದ್ಯಾಲಯದ ನೆಲಮಾಳಿಗೆಯಲ್ಲಿ ಮೇಲ್ ಸರ್ವರ್ ನೋಡಿಕೊಳ್ಳುತ್ತಿದ್ದವನಿಗೆ ಎಲ್ಲರೂ ಟಪಾಲಣ್ಣ ಎನ್ನುತ್ತಿದ್ದರು. ಇಪ್ಪತ್ತು ವರ್ಷದಲ್ಲಿ ಯಂತ್ರದ ಜೊತೆ ಆಡಿದಷ್ಟು ಮಾತನ್ನು ಅವನು ಮನುಷ್ಯರ ಜೊತೆ ಆಡಿರಲಿಕ್ಕಿಲ್ಲ. ಒಡಹುಟ್ಟಿದ ಅಕ್ಕನ ಜೊತೆಗಂತೂ ಏಳು ವರ್ಷದಿಂದ ಮಾತಿರಲಿಲ್ಲ. ಅಮ್ಮನ ಕೊನೆಗಾಲದಲ್ಲಿ ಅವಳೊಬ್ಬಳೇ ಹೆಣಗುವಾಗ ಇವನು ಕೆಲಸದ ನೆಪ ಹೇಳಿ ತಪ್ಪಿಸಿಕೊಂಡಿದ್ದ. ಅದನ್ನು ಒಪ್ಪಿಕೊಳ್ಳಲು ಏಳು ವರ್ಷ ತೆಗೆದುಕೊಂಡ ಮಹಾನುಭಾವ! ಅಕ್ಕ ಹಾಸಿಗೆ ಹಿಡಿದಿದ್ದಾಳೆಂದು ಕಿವಿಗೆ ಬಿದ್ದಾಗಲೂ ಫೋನ್ ಮಾಡುವ ಮುಖವಿಲ್ಲದೆ ಕಾಗದ ಬರೆದ: ‘ತಪ್ಪಾಯ್ತಕ್ಕ. ಬೈದಾದರೂ ಸರಿ, ಒಂದು ಮೇಲ್ ಹಾಕು.’

ಅದೇ ವಾರ ಕಸದ ಮೇಲ್‌ಗಳ ಹಾವಳಿ ಹೆಚ್ಚಿ ಸರ್ವರ್ ಏದುಸಿರು ಬಿಡತೊಡಗಿತು. ಇಲ್ಲದ ಹೆಸರಿಗೆ ಬಂದ ಪತ್ರವನ್ನೂ ಒಳಗೆ ಕರೆದು, ವೈರಸ್ ತಪಾಸಣೆ ಮಾಡಿ, ಆಮೇಲೆ ‘ಇಂಥವರಿಲ್ಲ’ ಎನ್ನುವುದು ಯಾವ ಸೀಮೆಯ ಜಾಣತನ? ಟಪಾಲಣ್ಣ ತಪಾಸಣೆಯ ಸರದಿ ಬದಲಿಸಿದ. ಎಲ್ಲಕ್ಕಿಂತ ಮೊದಲು ಹೆಸರು. ಪಟ್ಟಿಯಲ್ಲಿಲ್ಲದಿದ್ದರೆ ಪತ್ರವನ್ನು ಮುಟ್ಟದೆ ಬಾಗಿಲಿಂದಲೇ ವಾಪಸ್. ಯಂತ್ರ ತಣ್ಣಗಾಯಿತು, ಮೇಲಧಿಕಾರಿ ಬೆನ್ನು ತಟ್ಟಿದರು.

ಹತ್ತು ದಿನ ಕಳೆದರೂ ಅಕ್ಕನ ಉತ್ತರವಿಲ್ಲ. ಹನ್ನೊಂದನೆಯ ದಿನ ತಡೆಯಲಾರದೆ, ವಾಪಸಾದವುಗಳ ದಾಖಲೆಯಲ್ಲಿ ಅವಳ ವಿಳಾಸ ಹುಡುಕಿದ. ಮೂರು ಕಡೆ ಸಿಕ್ಕಿತು. ಅವಳು ಬರೆದದ್ದು ತನಗೆ ಗೊತ್ತಿದ್ದ ಅವನ ಹಳೆಯ ಮೇಲ್ ವಿಳಾಸಕ್ಕೆ. ಹಳೆಯದನ್ನು ಹೊಸದಕ್ಕೆ ತಿರುಗಿಸುವ ಹಂತವೊಂದಿತ್ತು. ಹೊಸ ಸರದಿಯಲ್ಲಿ ಅದು ಹೆಸರಿನ ತಪಾಸಣೆಯ ನಂತರಕ್ಕೆ ಹೋಗಿತ್ತು; ಪಟ್ಟಿಯಲ್ಲಿಲ್ಲದ ಹಳೆಯ ಹೆಸರು ಅಲ್ಲಿಗೆ ತಲುಪುವ ಮೊದಲೇ ವಾಪಸ್. ಕೈಯಾರೆ ಹಾಗೆ ಮಾಡಿದವನು ಅವನೇ. ಒಳಗೆ ಬಿಡದ ಪತ್ರದ ಒಂದಕ್ಷರವೂ ಸರ್ವರಿನಲ್ಲಿ ಉಳಿಯುವುದಿಲ್ಲ. ಯಾರು, ಯಾರಿಗೆ, ಎಷ್ಟು ಗಂಟೆಗೆ, ಅಷ್ಟೇ.

ಕೂಡಲೇ ಭಾವನಿಗೆ ಫೋನ್ ಮಾಡಿದ.

“ಅಕ್ಕನ ಕೈಗೆ ಫೋನ್ ಕೊಡಿ ಭಾವ.”

“ಎಲ್ಲಿಂದ ಕೊಡ್ಲಿ? ಮೊನ್ನೆಯಿಂದ ಅವಳಿಗೆ ಯಾರ ಗುರುತೂ ಸಿಗ್ತಿಲ್ಲ. ಡಾಕ್ಟರೂ ಕೈಚೆಲ್ಲಿದ್ದಾರೆ.”

“ಅವಳು ಬರೆದಿದ್ದ ಮೇಲ್…”

“ಎರಡು ದಿನ ಕೂತು ತಾನೇ ಟೈಪ್ ಮಾಡಿದ್ಲು. ಮೂರು ಸಲ ಕಳಿಸಿದ್ರೂ, ಇಂಥವರು ಇಲ್ಲಿಲ್ಲ ಅಂತ ಬಂತು. ‘ತಾನೇ ಕರೆದು ತಾನೇ ಬಾಗಿಲು ಹಾಕ್ಕೊಂಡ’ ಅಂತ ಅತ್ತಳು ಕಣಪ್ಪ.”

“ಅದು ನಾನಲ್ಲ ಭಾವ, ಸರ್ವರ್…” ಎಂದವನು ಅರ್ಧಕ್ಕೇ ನಿಲ್ಲಿಸಿದ. “ನಿಮ್ಮ ಕಡೆ ಇರುತ್ತಲ್ಲ ಅದು? ಅದನ್ನೇ ನಂಗೆ ಕಳಿಸಿ.”

“ಪೂರ್ತಿ ಅಳಿಸಿಬಿಡಿ ಅಂದ್ಲು. ಅವಳೆದುರಿಗೇ ಅಳಿಸಿದೆ.”

“ಅಳಿಸೋ ಮುಂಚೆ ಓದಿದ್ರಾ?”



“ಅಕ್ಕ ತಮ್ಮನ ಮಧ್ಯೆ ನಾನ್ಯಾಕೆ ಅಂತ ಓದಲಿಲ್ಲಪ್ಪ,” ಎಂದರು.