ಹೊತ್ತು ಮುಳುಗಿದ ಮೇಲಿನ ಖರ್ಜೂರ

ಇದು ಎರಡು ವರ್ಷದ ಹಿಂದಿನ ಮಾತು. ಆಫ್ರಿಕಾದ ಕೀನ್ಯಾ ದೇಶದ ಮೊಂಬಾಸಾ ಎಂಬ ಊರಿನಲ್ಲಿ ಕೆಲವು ಜೈನ ಕುಟುಂಬಗಳು ಸೇರಿ ಕಟ್ಟಿಕೊಂಡ ಒಂದು ಸಣ್ಣ ಮಂದಿರವಿದೆ. ಅಲ್ಲಿ ದಿನಾ ಪೂಜೆ ಮಾಡಿ, ಮಕ್ಕಳಿಗೆ ಧರ್ಮದ ಪಾಠ ಹೇಳಿಕೊಡಲು ವಯಸ್ಸಾದ ಗಂಡ-ಹೆಂಡತಿ ಆರು ತಿಂಗಳ ಮಟ್ಟಿಗೆ ಬೇಕಾಗಿದ್ದಾರೆ ಎಂದು ಬೆಳಗಾವಿಯ ನಮ್ಮ ಸಮಾಜದವರು ಬಂದು ಕೇಳಿದರು. ನಮ್ಮ ಯಜಮಾನರು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರರಾಗಿ ನಿವೃತ್ತರಾದವರು. ನನ್ನನ್ನು ಒಂದು ಮಾತೂ ಕೇಳದೆ, "ಆತ್ರಿ, ಇಬ್ಬರೂ ಹೋಗ್ತೇವಿ" ಎಂದುಬಿಟ್ಟರು.

ನಾನು ಖಾನಾಪುರದಲ್ಲಿ ಹುಟ್ಟಿ ಬೆಳಗಾವಿಯ ಟಿಳಕವಾಡಿಗೆ ಸೊಸೆಯಾಗಿ ಬಂದವಳು. ವಿಮಾನ ನೋಡಿದ್ದು ಆಕಾಶದಲ್ಲಿ ಮಾತ್ರ. ಬಾಜು ಮನೆಯ ಹುಡುಗಿ, "ಅರವತ್ತು ದಾಟಿದ ಮ್ಯಾಲ ಹನಿಮೂನ್ ಏನ್ರಿ ಕಾಕು?" ಎಂದು ಕಿಚಾಯಿಸಿದಳು. "ಹೌದವಾ, ಆವಾಗ ಮಾವನವರು ಬಿಟ್ಟಿದ್ದಿಲ್ಲ" ಎಂದೆ. ಮಗ-ಸೊಸೆಗೆ ಮನೆ ಒಪ್ಪಿಸಿ, ಒಂದು ಚೀಲದ ತುಂಬ ಮೆಂತ್ಯದ ಹಿಟ್ಟು, ಶೇಂಗಾ ಚಟ್ನಿ ಕಟ್ಟಿಕೊಂಡು ಹೊರಟೆವು.

ನಮ್ಮಲ್ಲಿ ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಇವರು ಹದಿನೈದರ ವಯಸ್ಸಿನಲ್ಲಿ ಬಸದಿಯಲ್ಲಿ ಆ ವ್ರತ ಹಿಡಿದವರು. ಮದುವೆಯಾದ ಮೇಲೆ ನಾನೂ ಹಿಡಿದೆ. ಆವತ್ತಿನಿಂದ ಒಂದು ದಿನವೂ ತಪ್ಪಿಸಿರಲಿಲ್ಲ. ಇವರ ಹಠವೋ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಇವರನ್ನು ಸೋಲಿಸುವಂಥದ್ದು ಜಗತ್ತಿನಲ್ಲಿ ಒಂದೇ, ಅದು ಉಪ್ಪು. ಏನೇ ಬಡಿಸಿದರೂ ಮೊದಲ ತುತ್ತಿಗೇ, "ಉಪ್ಪು ಕಡಿಮಿ ಆಗೇದಲ್ಲ?" ಎನ್ನುವುದು. ನಾಲ್ಕು ದಶಕ ಇದನ್ನು ಕೇಳಿ ಕೇಳಿ ನನ್ನ ಕಿವಿಯೇ ಉಪ್ಪಾಗಿದೆ.

ಮೊಂಬಾಸಾದಲ್ಲಿ ಎಲ್ಲ ಚೆನ್ನಾಗಿಯೇ ನಡೆದಿತ್ತು. ರಂಜಾನ್ ತಿಂಗಳು ಬಂತು. ಒಂದು ದಿನ ದೂರದ ಇನ್ನೊಂದು ಊರಿನ ಜೈನ ಮನೆಯವರು ಪೂಜೆಗೆ ಕರೆದರು. ಬೆಳಿಗ್ಗೆ ಹೋಗಿ, ಮಧ್ಯಾಹ್ನ ಊಟ ಮುಗಿಸಿ ಬಸ್ಸು ಹತ್ತಿದೆವು. ಸಂಜೆಯೊಳಗೆ ಮನೆ ಮುಟ್ಟುತ್ತೇವೆ ಎಂದು ಬುತ್ತಿ ಕಟ್ಟಿಕೊಂಡಿರಲಿಲ್ಲ. ಇವರಿಗೆ ಸಕ್ಕರೆ ಕಾಯಿಲೆ. ಮಾತ್ರೆ ನುಂಗಿದ ಮೇಲೆ ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಏನೂ ಬೀಳದಿದ್ದರೆ ಸಕ್ಕರೆ ತೀರ ಇಳಿದು ಜೀವಕ್ಕೇ ಸಂಚಕಾರ ಬರುತ್ತದೆ ಎಂದು ಬೆಳಗಾವಿಯ ಡಾಕ್ಟರು ಎಚ್ಚರಿಸಿದ್ದರು. ಅದಕ್ಕೆಂದೇ ಇವರ ಜೇಬಿನಲ್ಲಿ ಸದಾ ಕಲ್ಲುಸಕ್ಕರೆ ಇಟ್ಟಿರುತ್ತಿದ್ದೆ.

ಅರ್ಧ ದಾರಿಯಲ್ಲಿ ಮುಂದೆ ಒಂದು ಲಾರಿ ಅಡ್ಡಬಿದ್ದು ಬಸ್ಸು ನಿಂತಿತು. ನಿಂತದ್ದು ನಿಂತೇ ಬಿಟ್ಟಿತು. ಮಾರುವವರು ಕಿಟಕಿಯ ಹತ್ತಿರ ಬಂದರು. ಒಬ್ಬನ ಬುಟ್ಟಿಯಲ್ಲಿ ಸುಟ್ಟ ಮಾಂಸ, ಇನ್ನೊಬ್ಬನ ಬುಟ್ಟಿಯಲ್ಲಿ ಸುಟ್ಟ ಗೆಣಸು. "ಗಡ್ಡಿ ನಮಗ ಆಗಂಗಿಲ್ಲ" ಎಂದು ಇವರು ಮುಖ ತಿರುಗಿಸಿದರು. ನೆಲದೊಳಗೆ ಬೆಳೆಯುವ ಗಡ್ಡೆ-ಗೆಣಸನ್ನು ನಾವು ತಿನ್ನುವುದಿಲ್ಲ. ನನಗೆ ಕಲ್ಲುಸಕ್ಕರೆ ನೆನಪಾಯಿತು.

"ಜೇಬಿನ್ಯಾಗಿನ ಸಕ್ಕರಿ ತಿನ್ರಿ, ಇನ್ನೂ ಹೊತ್ತ ಐತಿ" ಎಂದೆ.

"ಅದನ್ನ ಆ ಮನಿ ಹುಡುಗೂರಿಗೆ ಹಂಚಿಬಿಟ್ನಿ. ಣಮೋಕಾರ ಮಂತ್ರ ಎಷ್ಟು ಚಂದ ಅಂದ್ವು ಅವು!"

ಸಿಟ್ಟು ಬಂತು. ಆದರೆ ಸಿಟ್ಟಿಗೆ ಪುರಸೊತ್ತಾದರೂ ಎಲ್ಲಿತ್ತು? ಆ ಸೀಮೆಯಲ್ಲಿ ಸಂಜೆ ಎನ್ನುವುದೇ ಇಲ್ಲ. ನೋಡನೋಡುತ್ತ ಸೂರ್ಯ ಮುಳುಗಿದ, ಕತ್ತಲಾಯಿತು.

ಪಕ್ಕದ ಸೀಟಿನಲ್ಲಿ ತಲೆಯ ಮೇಲೆ ಬಣ್ಣದ ವಸ್ತ್ರ ಹೊದ್ದ, ನನ್ನದೇ ವಯಸ್ಸಿನ ಹೆಂಗಸು ಕುಳಿತಿದ್ದಳು. ಹೆಸರು ಫಾತುಮಾ. ವಯಸ್ಸಿನಲ್ಲಿದ್ದಾಗ ಭಾರತೀಯರ ಮನೆಯಲ್ಲಿ ಕೆಲಸ ಮಾಡಿದ್ದಳಂತೆ. ಆಕೆಯ ಮುರುಕು ಹಿಂದಿಗೂ ಮರಾಠಿ ಬೆರೆತ ನನ್ನ ಖಾನಾಪುರದ ಹಿಂದಿಗೂ ಬಸ್ಸು ಹತ್ತಿದಾಗಿನಿಂದ ಸ್ನೇಹವಾಗಿತ್ತು. ಆಕೆ ಬೆಳಗಿನಿಂದ ಉಪವಾಸ. ಮೊಬೈಲಿನಲ್ಲಿ ಅಜಾನ್ ಕೇಳಿದ ಕೂಡಲೇ ಡಬ್ಬಿ ತೆರೆದು ಒಂದು ಖರ್ಜೂರ ತೆಗೆದಳು. ಬಾಯಿಗೆ ಹಾಕಿಕೊಳ್ಳಬೇಕು, ಅಷ್ಟರಲ್ಲಿ ಇವರ ಕಡೆ ನೋಡಿ ಕೈ ತಡೆದಳು.

ನಾನೂ ನೋಡಿದೆ. ಇವರ ಹಣೆಯ ತುಂಬ ಬೆವರು, ಕೈ ಗಡಗಡ ನಡುಗುತ್ತಿದೆ. "ಶುಗರ್?" ಎಂದು ಕೇಳಿದಳು ಫಾತುಮಾ. ತನ್ನ ಗಂಡನಿಗೂ ಹೀಗೇ ಆಗುತ್ತಿತ್ತು ಎಂದು, ಆ ಖರ್ಜೂರವನ್ನು ಇವರ ಮುಂದೆ ಹಿಡಿದಳು.

ಇವರು ನಡುಗುವ ಕೈಗಳನ್ನೇ ಜೋಡಿಸಿ ಮುಗಿದರು. "ಹೊತ್ತ ಮುಣಗೇತಿ. ಬ್ಯಾಡ."

"ಹೊತ್ತು ಮುಳುಗಿದ ಮೇಲೆ ಇವರು ತಿನ್ನುವುದಿಲ್ಲ" ಎಂದು ನಾನು ಹಿಂದಿಯಲ್ಲಿ ಹೇಳಿದೆ. ಫಾತುಮಾ ಒಮ್ಮೆ ಕಿಟಕಿಯ ಆಚೆಯ ಕತ್ತಲನ್ನು, ಒಮ್ಮೆ ನಮ್ಮನ್ನು ನೋಡಿದಳು. ತಮಾಷೆ ಮಾಡುತ್ತಿದ್ದೇವೆ ಅಂದುಕೊಂಡಳೇನೋ. ಆಕೆಯ ಊಟ ಶುರುವಾಗುವ ಹೊತ್ತಿಗೆ ನಮ್ಮ ಊಟ ಮುಗಿದಿರಬೇಕು! ಆಮೇಲೆ ಮೆಲ್ಲಗೆ, "ಬೀಮಾರ್ ಕೋ ಮಾಫ್ ಹೈ" ಎಂದಳು. ಜಡ್ಡಾದವರಿಗೆ ಮಾಫಿ ಇರುತ್ತದೆ, ನಮ್ಮಲ್ಲೂ ಹಾಗೇ ಎಂದಳು.

ಇವರು ತಲೆ ಅಲ್ಲಾಡಿಸಿದರು. ಮಾತು ತೊದಲತೊಡಗಿತ್ತು. "ಸುನಂದಾ, ಐವತ್ತು ವರ್ಷದ ವ್ರತ... ಒಂದು ಖಜೂರಿ ಸಲುವಾಗಿ ಮುರೀಲೇನು?"

ಪರದೇಶದ ರಸ್ತೆಯ ನಡುವೆ, ಕತ್ತಲಲ್ಲಿ, ಈ ಮನುಷ್ಯ ನನ್ನ ಕಣ್ಣೆದುರೇ ಕೈಬಿಟ್ಟು ಹೋಗುತ್ತಾನೆ ಅನ್ನಿಸಿತು. ಫಾತುಮಾ ದಿನವಿಡೀ ಹಸಿದವಳು. ಆದರೂ ಇವರನ್ನು ಬಿಟ್ಟು ತಾನು ತಿನ್ನಲು ಮನಸ್ಸು ಬಾರದೆ, ಆ ಖರ್ಜೂರವನ್ನು ಹಿಡಿದೇ ಕುಳಿತಿದ್ದಳು. ನಾನು ಅದನ್ನು ಆಕೆಯ ಕೈಯಿಂದ ತೆಗೆದುಕೊಂಡೆ. ಎರಡು ಮಾಡಿದೆ. ಒಂದನ್ನು ನನ್ನ ಬಾಯಿಗೆ ಹಾಕಿಕೊಂಡು ನುಂಗಿದೆ.

"ನಂದ ಮುರೀತು ನೋಡ್ರಿ. ಪಾಪ ಬಂದ್ರ ಇಬ್ಬರಿಗೂ ಬರ್ಲಿ. ಈಗ ಬಾಯಿ ತಗೀರಿ."

ಇವರು ನನ್ನನ್ನು ನೋಡಿದ ಆ ನೋಟ ನಾನು ಸಾಯುವವರೆಗೆ ಮರೆಯಲಾರೆ. ಕಣ್ಣಲ್ಲಿ ನೀರು ತುಂಬಿತು. ಬಾಯಿ ತೆರೆದರು. ಅರ್ಧ ಆದಮೇಲೆ ಇನ್ನೊಂದು, ಮತ್ತೊಂದು ತಿನ್ನಿಸಿದೆ. ಆಗ ಫಾತುಮಾ ತಾನೂ ಒಂದು ಬಾಯಿಗೆ ಹಾಕಿಕೊಂಡು, ಇವರ ಬೆವರು ಒರೆಸಲು ತನ್ನ ವಸ್ತ್ರದ ತುದಿಯನ್ನು ಕೊಟ್ಟಳು. ಸ್ವಲ್ಪ ಹೊತ್ತಿಗೆ ನಡುಕ ನಿಂತಿತು. ಬಸ್ಸೂ ಹೊರಟಿತು.

ಜೀವ ಉಳಿಯಿತು, ಆದರೆ ಇವರ ಮನಸ್ಸು ಕುಗ್ಗಿಹೋಯಿತು. ಮಕ್ಕಳಿಗೆ ಎಲ್ಲ ಪಾಠ ಹೇಳುತ್ತಿದ್ದರು, ರಾತ್ರಿ ಉಣ್ಣಬಾರದೆಂಬ ಪಾಠ ಬಂದಾಗ ಮಾತ್ರ ಎದ್ದು ಹೊರಗೆ ಹೋಗುತ್ತಿದ್ದರು. "ಅದನ್ನ ನೀ ಹೇಳು. ನನಗ ಆ ಹಕ್ಕಿಲ್ಲ" ಎನ್ನುವರು. ನಾನೂ ತಿಂದವಳೇ. ಆದರೂ ಹೇಳಿದೆ. ಯಾರಾದರೂ ಹೇಳಲೇಬೇಕಿತ್ತಲ್ಲ.

ಊರಿಗೆ ಮರಳಿದಾಗ ಖಾನಾಪುರದಲ್ಲಿ ಮುನಿ ಮಹಾರಾಜರೊಬ್ಬರು ಬಂದು ತಂಗಿದ್ದರು. ಪ್ರಾಯಶ್ಚಿತ್ತ ಕೇಳಲು ಇಬ್ಬರೂ ರೈಲಿನಲ್ಲಿ ಹೋದೆವು. ಮಹಾರಾಜರು ಎಲ್ಲವನ್ನೂ ಕೇಳಿ ಇವರಿಗೆ, "ಜಡ್ಡಿನ ಮೈ ಐತಿ, ಉಪವಾಸ ಬ್ಯಾಡ. ದಿನಾ ಒಂದು ಜಪ ಹೆಚ್ಚಿಗಿ ಮಾಡು" ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

"ನಿನಗೇನು ಜಡ್ಡ ಇತ್ತವಾ?"

"ಇಲ್ರಿ ಮಹಾರಾಜ್ರ."

"ಮತ್ತ ನೀ ಯಾಕ ತಿಂದಿ?"

"ಪಾಪದಾಗ ಇವರು ಒಬ್ಬರ ಆಗಬಾರದಂತ ತಿಂದ್ನಿರಿ."

ಮಹಾರಾಜರು, "ಒಂದು ತಿಂಗಳ ಉಪ್ಪು ಬಿಡು" ಎಂದರು.

ಮರುದಿನ ನನಗೆಂದು ಉಪ್ಪಿಲ್ಲದ ಸಾರು, ಇವರಿಗೆ ಎಂದಿನ ಸಾರು ಮಾಡಿ ಬಡಿಸಿದೆ. ಇವರು ತಮ್ಮ ಬಟ್ಟಲನ್ನು ಸೊಸೆಯ ಕಡೆ ಸರಿಸಿ, ನನ್ನ ಪಾತ್ರೆಯಿಂದ ಹಾಕಿಕೊಂಡರು. "ರೀ, ಅದ್ರಾಗ ಉಪ್ಪಿಲ್ಲ" ಎಂದೆ.

"ಗೊತ್ತೈತಿ. ಆವತ್ತ ನೀ ನನ್ನ ಜೋಡಿ ತಿಂದಿ. ಈಗ ನಾ ನಿನ್ನ ಜೋಡಿ ಬಿಡ್ತೇನಿ."

ಆ ಒಂದು ತಿಂಗಳು ನಮ್ಮ ಮನೆಯಲ್ಲಿ ಉಪ್ಪಿನ ಮಾತೇ ಬರಲಿಲ್ಲ. ತಿಂಗಳು ಮುಗಿದ ದಿನ ಮೊದಲ ತುತ್ತಿಗೇ, "ಉಪ್ಪು ಕಡಿಮಿ ಆಗೇದಲ್ಲ?" ಎಂದರು. ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು.

ಫಾತುಮಾಳ ವಿಳಾಸ ಕೇಳಿಕೊಳ್ಳಲಿಲ್ಲ. ಬಸ್ಸಿನಿಂದ ಇಳಿಯುವ ಗಡಿಬಿಡಿಯಲ್ಲಿ ಕೈ ಹಿಡಿದು ಬಿಟ್ಟದ್ದಷ್ಟೇ. ಈಗಲೂ ರಂಜಾನ್ ಬಂದರೆ, ಹೊತ್ತು ಮುಳುಗುವ ಮೊದಲು ಉಂಡು ಕೈ ತೊಳೆಯುವಾಗ ಇವರು ಗಡಿಯಾರ ನೋಡಿ, "ಆಕೀಗೆ ಇನ್ನೂ ಎರಡೂವರಿ ತಾಸ ಐತಿ" ಎನ್ನುತ್ತಾರೆ. ಅಲ್ಲಿ ಆಗ ಇನ್ನೂ ಬಿಸಿಲು. ಆಕೆ ಹಸಿದು ಎಲ್ಲೋ ದಾರಿಯಲ್ಲಿರುತ್ತಾಳೆ. ಆಕೆಯ ಬಸ್ಸು ಎಲ್ಲೂ ನಿಲ್ಲದಿರಲಿ, ಹೊತ್ತಿಗೆ ಸರಿಯಾಗಿ ಮನೆ ಮುಟ್ಟಿ ಉಣ್ಣಲಿ ಎಂದು ನಾನು ದೇವರಿಗೆ ಕೈ ಮುಗಿಯುತ್ತೇನೆ.